ಥರ್ಮಾಕೋಲ್ ಸೌರಮಂಡಲ ಮಾಡಿಸಿ ಸುಸ್ತಾಯ್ತು. ಮಕ್ಕಳಿಗೆ ಅಮಾವಾಸ್ಯೆ ಅರ್ಥ ಆಗಬೇಕಾದರೆ ಎಂತ ಮಾಡುವುದು?

ಏಳನೇ ಕ್ಲಾಸ್ ಟೀಚರ್ (ಭಾನುವಾರ ರಾತ್ರಿ 8:40)

ನಮಸ್ತೆ. ಉಡುಪಿ ಹತ್ತಿರ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ತಿಂಗಳು ಮಕ್ಕಳ ಕೈಯಲ್ಲಿ ಸೌರಮಂಡಲದ ಮಾಡೆಲ್ ಮಾಡಿಸಿದೆ. ಥರ್ಮಾಕೋಲ್ ಚೆಂಡು, ಪೋಸ್ಟರ್ ಕಲರ್, ತಂತಿ, ಶನಿಯ ಬಳೆಗೆ ಹಳೇ ಸಿಡಿ. ನೋಡಲಿಕ್ಕೆ ಚಂದ ಬಂತು. ಹೆಡ್‌ಮಾಸ್ಟರು ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಎಸ್‌ಡಿಎಂಸಿಯವರು ಹೊಗಳಿದರು.

ಮರುವಾರ ಸುಮ್ನೆ ಒಂದು ಪ್ರಶ್ನೆ ಕೇಳಿದೆ. ಅಮಾವಾಸ್ಯೆ ದಿನ ಚಂದ್ರ ಯಾಕೆ ಕಾಣುವುದಿಲ್ಲ? ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಭೂಮಿಯ ನೆರಳು ಬೀಳ್ತದೆ" ಅಂದರು. ಒಬ್ಬಳು "ಮೋಡ ಇರ್ತದೆ ಟೀಚರ್" ಅಂದಳು. ಇನ್ನೊಬ್ಬ ಮಾಡೆಲಿನ ಹತ್ತಿರ ಹೋಗಿ, "ಚಂದ್ರನಿಗೆ ನಿಜವಾಗಿಯೂ ತಂತಿ ಉಂಟಾ?" ಅಂತ ಕೇಳಿದ. ತಮಾಷೆಗಲ್ಲ, ಗಂಭೀರವಾಗಿ.

ನಾಲ್ಕು ದಿನ ಕೂತು ಅಂಟಿಸಿದ್ದು ಎಂತಕ್ಕೆ ಅಂತ ಬೇಜಾರಾಯ್ತು. ಕೈಯಲ್ಲಿ ಇರುವುದು 500 ರೂಪಾಯಿ, ಒಂದು ಕೋಣೆ, ಆಗಾಗ ಕೈಕೊಡುವ ಕರೆಂಟು. ಮಾಡೆಲ್‌ನಿಂದ ನಿಜವಾಗಿ ಕಲಿಸಿದವರು ಯಾರಾದರೂ ಇದ್ದರೆ ಹೇಳಿ.

ಮಲ್ಪೆ ದಕ್ಕೆ

ಮೋಡ ಅಂದವಳಿಗೆ ಫುಲ್ ಮಾರ್ಕು ಕೊಡಿ ಟೀಚರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಆಕಾಶವೇ ಇಲ್ಲ.

ನಿವೃತ್ತ ಮಾಷ್ಟ್ರು

ಟೀಚರ್, ನಿಮ್ಮ ಮಾಡೆಲ್ ತಪ್ಪಲ್ಲ. ಅದನ್ನು ಮಕ್ಕಳು ಹೊರಗೆ ನಿಂತು ನೋಡಿದರು, ಅಷ್ಟೇ. ನಾವು ಚಂದ್ರನನ್ನು ನೋಡುವುದು ಹೊರಗಿನಿಂದ ಅಲ್ಲವಲ್ಲ, ಭೂಮಿಯ ಮೇಲೆ ನಿಂತು. ಹಾಗಾಗಿ ಮಗುವಿನ ತಲೆಯೇ ಭೂಮಿ ಆಗಬೇಕು.

ನಾನು ಮಾಡುತ್ತಿದ್ದದ್ದು ಹೀಗೆ. ಕಿಟಕಿಗೆ ನೀಲಿ ಟಾರ್ಪಾಲು ಕಟ್ಟಿ ಕೋಣೆ ಕತ್ತಲೆ ಮಾಡುವುದು. ಮಧ್ಯದಲ್ಲಿ ಹೋಲ್ಡರಿಗೆ ಒಂದು ಬಲ್ಬು, ಮಕ್ಕಳ ಕಣ್ಣಿನ ಎತ್ತರಕ್ಕೆ. ಅದು ಸೂರ್ಯ. ಟ್ಯೂಬ್‌ಲೈಟ್ ಆಗುವುದಿಲ್ಲ, ಬೆಳಕು ಎಲ್ಲ ಕಡೆಯಿಂದ ಬಂದು ಆಟ ಹಾಳಾಗುತ್ತದೆ. ಪ್ರತಿ ಮಗುವಿಗೆ ಕಡ್ಡಿಗೆ ಚುಚ್ಚಿದ ಒಂದು ಬಿಳಿ ಚೆಂಡು. ಕೈ ನೀಟಾಗಿ ಚಾಚಿ ಚೆಂಡನ್ನು ಬಲ್ಬಿನ ನೇರಕ್ಕೆ ಹಿಡಿಯಬೇಕು. ಆಗ ನಮ್ಮ ಕಡೆಗಿರುವ ಭಾಗ ಪೂರಾ ಕಪ್ಪು. ಇದೇ ಅಮಾವಾಸ್ಯೆ. ಯಾರ ನೆರಳೂ ಬಿದ್ದಿಲ್ಲ. ಬೆಳಕು ಬಿದ್ದ ಮುಖ ಆಚೆ ಕಡೆಗೆ ಉಂಟು, ಅಷ್ಟೇ.

ಆಮೇಲೆ ಕೈ ಹಾಗೇ ಇಟ್ಟು, ನಿಂತಲ್ಲೇ ನಿಧಾನ ಎಡಕ್ಕೆ ತಿರುಗಬೇಕು. ಮೊದಲು ಬಿದಿಗೆ, ಕಾಲು ಸುತ್ತು ತಿರುಗಿದರೆ ಅಷ್ಟಮಿ, ಬಲ್ಬಿಗೆ ಬೆನ್ನು ಹಾಕಿದರೆ ಹುಣ್ಣಿಮೆ. ಎರಡನೇ ಸುತ್ತಿಗೆ ಮಕ್ಕಳ ಬಾಯಿಂದ ತಾನಾಗಿ "ಓಹ್" ಅಂತ ಬರುತ್ತದೆ. ನೀವು ಬಾಯಿ ಮುಚ್ಚಿಕೊಂಡು ಇರಬೇಕು. ಅದೇ ಕಷ್ಟ.

ಏಳನೇ ಕ್ಲಾಸ್ ಟೀಚರ್

ಮಾಷ್ಟ್ರೆ, ಇದು ಮಾಡಬಹುದು. ಆದರೆ ಬಲ್ಬಿಗೆ ಬೆನ್ನು ಹಾಕಿದರೆ ತಲೆಯ ನೆರಳು ಚೆಂಡಿನ ಮೇಲೆ ಬೀಳುವುದಿಲ್ವಾ?

ನಿವೃತ್ತ ಮಾಷ್ಟ್ರು

ಬೀಳುತ್ತದೆ. ಅದೇ ಚಂದ್ರಗ್ರಹಣ. ಚೆಂಡನ್ನು ಸ್ವಲ್ಪ ಮೇಲೆತ್ತಿ ಹಿಡಿಯಲಿಕ್ಕೆ ಹೇಳಿ, ಹುಣ್ಣಿಮೆ ಬರುತ್ತದೆ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ ಇರುವುದರಿಂದ ಪ್ರತಿ ಹುಣ್ಣಿಮೆಗೆ ಗ್ರಹಣ ಆಗುವುದಿಲ್ಲ ಅಂತ ಅಲ್ಲೇ ಹೇಳಿಬಿಡಬಹುದು.

ಕೊಡಿಯಾಲದ ಇಂಜಿನಿಯರ್

ಮಾಷ್ಟ್ರೆ, ಒಂದು ಸಣ್ಣ ತಕರಾರು. ಕೈ ಚಾಚಿದರೆ ಚೆಂಡು 60 ಸೆಂ.ಮೀ. ದೂರ. 5 ಡಿಗ್ರಿ ಅಂದರೆ ಅಲ್ಲಿ 5 ಸೆಂ.ಮೀ. ಮಾತ್ರ. ಅಷ್ಟು ಎತ್ತಿದರೆ ತಲೆಯ ನೆರಳಿನಿಂದ ಚೆಂಡು ತಪ್ಪಿಸಿಕೊಳ್ಳುವುದಿಲ್ಲ. ಈ ಮಾಡೆಲಿನಲ್ಲಿ ತಲೆ ಬಹಳ ದೊಡ್ಡದಾಯ್ತು, ಚೆಂಡು ಬಹಳ ಹತ್ತಿರವಾಯ್ತು. ಹುಡುಗನ ತಲೆ 15 ಸೆಂ.ಮೀ. ಅಂತ ಹಿಡಿದರೆ ಚಂದ್ರ 4 ಸೆಂ.ಮೀ. ಇರಬೇಕು, ನಾಲ್ಕೂವರೆ ಮೀಟರ್ ದೂರದಲ್ಲಿ. ಆ ದೂರದಲ್ಲಿ 5 ಡಿಗ್ರಿ ಅಂದರೆ ಸುಮಾರು 40 ಸೆಂ.ಮೀ. ಆರಾಮಾಗಿ ನೆರಳು ತಪ್ಪುತ್ತದೆ. ಮಾಡೆಲ್ ಸುಳ್ಳು ಹೇಳಿದರೆ ಮಕ್ಕಳು ಅದನ್ನೇ ನಂಬುತ್ತಾರೆ.

ನಿವೃತ್ತ ಮಾಷ್ಟ್ರು

ನಾಲ್ಕೂವರೆ ಮೀಟರ್ ಉದ್ದದ ಕೈ ಇರುವ ಮಕ್ಕಳನ್ನು ನಾನು ನೋಡಿಲ್ಲ ಸರ್.

ಕೊಡಿಯಾಲದ ಇಂಜಿನಿಯರ್

ಹ್ಹಹ್ಹ. ಇನ್ನೊಬ್ಬ ಹುಡುಗನ ಕೈಯಲ್ಲಿ ಕೋಲು ಕೊಡಿ ಮಾಷ್ಟ್ರೆ! ಅವನು ಸುತ್ತ ನಡೆಯಲಿ.

ಪುತ್ತೂರು ತೋಟ

ಎಲ್ಲ ಮಾಡೆಲೂ ಏನಾದರೊಂದು ಸುಳ್ಳು ಹೇಳಿಯೇ ಹೇಳುತ್ತದೆ. ಅದನ್ನು ಮುಚ್ಚಿಡುವ ಬದಲು "ಇದರಲ್ಲಿ ಸುಳ್ಳು ಯಾವುದು" ಅಂತ ಮಕ್ಕಳನ್ನೇ ಕೇಳಿದರೆ ಆಯ್ತಲ್ವಾ? ಆ ತಂತಿ ಕೇಳಿದ ಹುಡುಗ ಮಾಡಿದ್ದು ಅದೇ ಕೆಲಸ. ನನಗೆ ಕೇಳಿದರೆ ಕ್ಲಾಸಿನಲ್ಲಿ ಅವನೇ ಚುರುಕು.

ನನ್ನ ತಮ್ಮನ ಮಕ್ಕಳಿಗೆ ರಜೆಯಲ್ಲಿ ಮಾಡಿ ತೋರಿಸಿದ್ದು ಹೇಳುತ್ತೇನೆ. ಟೆನಿಸ್ ಬಾಲ್ ಭೂಮಿ. ಚಂದ್ರನಿಗೆ ಅಂಗಳದಲ್ಲಿ ಒಣಗಿಸಿದ ರಾಶಿಯಿಂದ ಒಂದು ಸುಲಿದ ಅಡಿಕೆ. ಸುಮಾರು 18 ಮಿ.ಮೀ. ಇರುವ ದುಂಡನೆಯದು ಹುಡುಕಿದರೆ ಅಳತೆ ಕರೆಕ್ಟಾಗಿ ಕೂರುತ್ತದೆ, ಚಂದ್ರ ಭೂಮಿಯ ಕಾಲುಭಾಗಕ್ಕಿಂತ ಸ್ವಲ್ಪ ದೊಡ್ಡದು. ಈಗ ಅಡಿಕೆಯನ್ನು ಎಷ್ಟು ದೂರ ಇಡುತ್ತೀರಿ ಅಂತ ಕೇಳಿದೆ. ಒಬ್ಬಳು ಒಂದು ಗೇಣು, ಇನ್ನೊಬ್ಬ ಒಂದು ಮೊಳ. ಅವರ ಅಪ್ಪ, ಬಿಇ ಓದಿದವನು, ಅವನೂ ಒಂದು ಮೊಳವೇ. ಸರಿಯಾದ ದೂರ 2 ಮೀಟರ್! 30 ಭೂಮಿಗಳನ್ನು ಸಾಲಾಗಿ ಜೋಡಿಸಿದಷ್ಟು. ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಬಂತು. ತಮ್ಮನಂತೂ ಪುಸ್ತಕ ತಂದು ಚಿತ್ರ ತೋರಿಸಿ ನನ್ನ ಹತ್ತಿರ ಜಗಳಕ್ಕೇ ನಿಂತ.

ಬಂಗುಡೆ ಗಸಿ

ಅಡಿಕೆ ರೇಟಿಗೆ ಚಂದ್ರನನ್ನು ಕೊಳ್ಳುವುದೇ ಚೀಪು.

ಪುತ್ತೂರು ತೋಟ

ಕೊಳೆರೋಗದ ಅಡಿಕೆ ಸಾಕು ಮಾರಾಯ್ರೆ. ಕುಳಿ ಕೂಡ ಇರ್ತದೆ.

ಕಾರ್ಕಳ ಕಲ್ಲುಬಂಡೆ

ಅಳತೆ ವಿಷಯ ಬಂತು ಅಂತ ನಮ್ಮ ಶಾಲೆಯ ಕಥೆ. ಸೂರ್ಯನಿಗೆ ಫುಟ್‌ಬಾಲ್ ಇಟ್ಟೆವು, 22 ಸೆಂ.ಮೀ. ಸೂರ್ಯನ ಅಡ್ಡಳತೆ ಭೂಮಿಯ 109 ಪಟ್ಟು, ಹಾಗಾಗಿ ಭೂಮಿ 2 ಮಿ.ಮೀ. ಬಂತು. ಸಾಸಿವೆ ಕಾಳು. ಧ್ವಜಕಂಬದ ಬುಡದಲ್ಲಿ ಫುಟ್‌ಬಾಲ್, ಅಲ್ಲಿಂದ ಸುಮಾರು 24 ಮೀಟರ್ ಅಳೆದು ರಟ್ಟಿನ ಮೇಲೆ ಸಾಸಿವೆ. ಅದರಿಂದ 6 ಸೆಂ.ಮೀ. ಆಚೆ ಚಂದ್ರ. ಅರ್ಧ ಮಿಲಿಮೀಟರ್, ಗಸಗಸೆಗಿಂತ ಸಣ್ಣದು, ಪೆನ್ಸಿಲ್ ಚುಕ್ಕಿ ಹಾಕಿದೆವು. ಗುರುವಿಗೆ ನೆಲ್ಲಿಕಾಯಿ, 123 ಮೀಟರ್. ಅಲ್ಲಿಗೆ ಶಾಲೆಯ ಗೇಟು ದಾಟಿತು. ಕೊನೆಯ ನೆಪ್ಚೂನ್ ಒಂದು ಕಡಲೆ ಕಾಳು, 700 ಮೀಟರ್ ಮೇಲೆ. ಬಸ್‌ಸ್ಟ್ಯಾಂಡಿನ ಹತ್ತಿರ ಕಡಲೆ ಹಿಡಿದು ನಿಂತ ಹುಡುಗನನ್ನು ನೋಡಿ ರಿಕ್ಷಾದವರು "ಎಂತ ಶಿಕ್ಷೆಯಾ?" ಅಂತ ಕೇಳಿದರಂತೆ.

ಎಲ್ಲ ಮುಗಿಸಿ ವಾಪಸು ಬಂದು ನೋಡಿದರೆ ರಟ್ಟಿನ ಮೇಲೆ ಭೂಮಿ ಇಲ್ಲ. ಪಕ್ಕದ ಮನೆಯ ಕೋಳಿ ರಟ್ಟಿನ ಹತ್ತಿರವೇ ನಿಂತಿತ್ತು.

ಮಕ್ಕಳು ಈಗ ಅದನ್ನು ಪರೀಕ್ಷೆಯಲ್ಲೂ ಬರೆಯುತ್ತಾರೆ.

ಎರಡು ಮಕ್ಕಳ ಅಮ್ಮ

ಕೋಳಿ ಭೂಮಿ ತಿಂತು!! ಮಗಳಿಗೆ ಓದಿ ಹೇಳಿದೆ, ನಗು ನಿಲ್ಲುತ್ತಿಲ್ಲ. ಅವಳ ಪ್ರಶ್ನೆ: ಹಾಗಾದರೆ ಹತ್ತಿರದ ಬೇರೆ ನಕ್ಷತ್ರ ಎಷ್ಟು ದೂರಕ್ಕೆ ಬರ್ತದೆ?

ಕಾರ್ಕಳ ಕಲ್ಲುಬಂಡೆ

ಪ್ರಾಕ್ಸಿಮಾ ಸೆಂಟಾರಿ, 4.24 ಬೆಳಕಿನ ವರ್ಷ. ಈ ಅಳತೆಯಲ್ಲಿ ಸುಮಾರು 6,300 ಕಿ.ಮೀ. ಧ್ವಜಕಂಬದ ಬುಡದಿಂದ ಬಾವಿ ತೋಡುತ್ತಾ ಹೋದರೆ ಭೂಮಿಯ ನಡುಮಧ್ಯ ಮುಟ್ಟುವಷ್ಟು ದೂರ ಅಂತ ಹೇಳಿ ಅವಳಿಗೆ.

ಟೆಕ್ಕಿ ಮಣ್ಣಗುಡ್ಡೆ

ಇಷ್ಟೆಲ್ಲ ಯಾಕೆ? ಮೊಬೈಲಿನಲ್ಲಿ ಸ್ಟೆಲೇರಿಯಂ ಉಂಟು. ಚಂದ್ರ ಎಲ್ಲಿ, ಗುರು ಎಲ್ಲಿ, ಹತ್ತು ವರ್ಷದ ಹಿಂದೆ ಎಲ್ಲಿ, ಎಲ್ಲ ತೋರಿಸುತ್ತದೆ. ಅಥವಾ ಒಂದು ಬಸ್ಸು ಮಾಡಿ ಮಂಗಳೂರಿನ ಪಿಲಿಕುಳಕ್ಕೆ ಕರೆದುಕೊಂಡು ಹೋಗಿ. 2018ರಿಂದ ಅಲ್ಲಿ 3ಡಿ ತಾರಾಲಯವೇ ಉಂಟು. ಇನ್ನೂ ಅಡಿಕೆ, ಸಾಸಿವೆ ಅಂತ ಕೂತಿದ್ದೀರಲ್ಲ.

ನಿವೃತ್ತ ಮಾಷ್ಟ್ರು

ಪಿಲಿಕುಳಕ್ಕೆ ನಾನೂ ಕರೆದುಕೊಂಡು ಹೋಗಿದ್ದೇನೆ. ಕನ್ನಡಕ ಹಾಕಿಕೊಂಡ ಮಕ್ಕಳು ಉಲ್ಕೆ ಬಂದಾಗ ತಲೆ ತಗ್ಗಿಸಿದರು. ಖಂಡಿತ ಹೋಗಬೇಕು. ಆದರೆ ವರ್ಷಕ್ಕೆ ಒಂದು ದಿನ. ಉಳಿದ ದಿನಕ್ಕೆ?

ಕೊಡಿಯಾಲದ ಇಂಜಿನಿಯರ್

ಆ್ಯಪು ಚಂದ್ರ ಎಲ್ಲಿದ್ದಾನೆ ಅಂತ ಹೇಳುತ್ತದೆ. ಯಾಕೆ ಅಲ್ಲಿದ್ದಾನೆ ಅಂತ ಹೇಳುವುದಿಲ್ಲ. ನನ್ನ ಮಗ ಆ್ಯಪ್ ನೋಡಿಯೇ ದೊಡ್ಡವನಾದದ್ದು. ಆಕಾಶ ನೋಡದೆ ಫೋನ್ ನೋಡಿ "ಶುಕ್ರ ಅಲ್ಲಿ" ಅಂತಾನೆ. ಶುಕ್ರ ನಡುರಾತ್ರಿ ಯಾಕೆ ನೆತ್ತಿಯ ಮೇಲೆ ಬರುವುದಿಲ್ಲ ಅಂತ ಕೇಳಿದರೆ ಪಿಳಿಪಿಳಿ. ಬಲ್ಬಿನ ಸುತ್ತ ಎರಡು ಸುತ್ತು ಹಾಕಿಸಿದ ಮೇಲೆ ತಾನೇ ಹೇಳಿದ, "ಒಳಗಿನ ದಾರಿಯಲ್ಲಿರುವವನನ್ನು ನೋಡಲಿಕ್ಕೆ ಬಲ್ಬಿನ ಕಡೆಗೇ ತಿರುಗಬೇಕಲ್ಲಪ್ಪ" ಅಂತ.

ಟೆಕ್ಕಿ ಮಣ್ಣಗುಡ್ಡೆ

ಸರಿ, ಸರಿ. ಎರಡೂ ಇರಲಿ ಅಂದೆ.

ಬಂಗುಡೆ ಗಸಿ

ನಮ್ಮ ಅದಮಾರಿನ ಯು.ಆರ್. ರಾವ್ ಯಾವ ಆ್ಯಪ್ ನೋಡಿ 1975ರಲ್ಲಿ ಆರ್ಯಭಟ ಉಪಗ್ರಹ ಹಾರಿಸಿದ್ದು?

ಟೆಕ್ಕಿ ಮಣ್ಣಗುಡ್ಡೆ

ಅವರ ಕಾಲದಲ್ಲಿ ಥರ್ಮಾಕೋಲ್ ಮಾಡೆಲೂ ಇರಲಿಲ್ಲ ಮಾರಾಯ್ರೆ.

ಎರಡು ಮಕ್ಕಳ ಅಮ್ಮ

ಥರ್ಮಾಕೋಲ್ ಅಂದಾಗ ಹೊಟ್ಟೆ ಉರಿಯುತ್ತದೆ. ಕಳೆದ ವರ್ಷ ಒಂದು ವಿಜ್ಞಾನ ಮೇಳದಲ್ಲಿ ನನ್ನ ಮಗಳು ಒಂದು ರಟ್ಟಿನ ಸನ್‌ಡಯಲ್ ಮಾಡಿ ಇಟ್ಟಳು. ಎರಡು ವಾರ ಅಂಗಳದಲ್ಲಿ ನೆರಳು ಗುರುತು ಹಾಕಿ ಸರಿ ಮಾಡಿದ್ದು. ಸ್ವಲ್ಪ ಸೊಟ್ಟ ಇತ್ತು, ಒಪ್ಪುತ್ತೇನೆ. ಬಹುಮಾನ ಬಂದದ್ದು ಅಂಗಡಿಯಿಂದ ತಂದ, ಲೈಟ್ ಉರಿಯುವ, ಮೋಟಾರಲ್ಲಿ ತಿರುಗುವ ಸೌರಮಂಡಲಕ್ಕೆ. ಅದರ ಡಬ್ಬದ ಮೇಲಿನ ರೇಟಿನ ಚೀಟಿ ಕೂಡ ತೆಗೆದಿರಲಿಲ್ಲ! ತೀರ್ಪುಗಾರರು ಇವಳ ಮೇಜಿನ ಹತ್ತಿರ ಬಂದು "ಇದಕ್ಕೆ ಲೈಟ್ ಇಲ್ವಾ?" ಅಂತ ಕೇಳಿದರು. ಸನ್‌ಡಯಲ್‌ಗೆ ಲೈಟು!

ನಿವೃತ್ತ ಮಾಷ್ಟ್ರು

ಅವಳಿಗೆ ಹೇಳಮ್ಮ, ಸೂರ್ಯನೇ ಲೈಟು ಅಂತ. ಬಹುಮಾನ ನಾನು ಕೊಡ್ತೇನೆ.

ಅಂದ ಹಾಗೆ ನಮ್ಮ ಊರಲ್ಲಿ ಸನ್‌ಡಯಲ್ ಕಡ್ಡಿ ನೆಲದಿಂದ 13 ಡಿಗ್ರಿ ಮಾತ್ರ ಏಳಬೇಕು, ಉತ್ತರಕ್ಕೆ. ಪುಸ್ತಕದಲ್ಲಿ ಬೇರೆ ದೇಶದ ಚಿತ್ರ ನೋಡಿ 45 ಡಿಗ್ರಿ ಇಟ್ಟರೆ ಗಂಟೆ ತಪ್ಪುತ್ತದೆ. ಮತ್ತೆ ನೆರಳು ಹೇಳುವ ಗಂಟೆಗೂ ವಾಚಿಗೂ ಸುಮಾರು ಅರ್ಧ ಗಂಟೆ ವ್ಯತ್ಯಾಸ ಇದ್ದೇ ಇರುತ್ತದೆ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಹೆಚ್ಚುಕಡಿಮೆ 75ರಲ್ಲಿ.

ಎರಡು ಮಕ್ಕಳ ಅಮ್ಮ

ಅಯ್ಯೋ ಹೌದಾ! ಅರ್ಧ ಗಂಟೆ ಲೇಟು ತೋರಿಸ್ತದೆ ಅಂತ ಎರಡು ದಿನ ಅತ್ತಿದ್ದಳು.

ಚುಕ್ಕಿ ಹುಚ್ಚ

ಮಳೆಗಾಲದ ಮಾಡೆಲ್ ಯಾರೂ ಹೇಳಲಿಲ್ಲ. ಕೊಡೆ! ದೊಡ್ಡ ಕಪ್ಪು ಕೊಡೆ, ಅಜ್ಜಂದಿರು ಹಿಡಿಯುವಂಥದ್ದು. ಒಳಗಡೆ ಬಿಳಿ ಬಣ್ಣದಲ್ಲಿ ಚುಕ್ಕಿ ಹಾಕಿ. ದಂಡು ಬಟ್ಟೆಗೆ ಸೇರುವ ಜಾಗ ಧ್ರುವ ನಕ್ಷತ್ರ. ಒಂದು ಕಡೆ ಸಪ್ತರ್ಷಿ ಮಂಡಲ, ಅದಕ್ಕೆ ಎದುರು ಕಡೆ ಇಂಗ್ಲಿಷ್ ಡಬ್ಲ್ಯು ಆಕಾರದ ಕ್ಯಾಸಿಯೋಪಿಯಾ.

ಈಗ ಕೊಡೆಯನ್ನು ಮಳೆಗೆ ಹಿಡಿದ ಹಾಗೆ ನೆಟ್ಟಗೆ ಹಿಡಿಯಬಾರದು. ಅದು ಉತ್ತರ ಧ್ರುವದಲ್ಲಿ ನಿಂತವರ ಆಕಾಶ. ಉಡುಪಿಯ ಆಕಾಶ ಬೇಕಾದರೆ ಉತ್ತರಕ್ಕೆ ತಿರುಗಿ, ಎದುರು ಗಾಳಿಗೆ ಹಿಡಿದ ಹಾಗೆ ಮುಂದಕ್ಕೆ ಮಲಗಿಸಬೇಕು. ದಂಡು ನೆಲದಿಂದ 13 ಡಿಗ್ರಿ ಮಾತ್ರ ಏಳಬೇಕು. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅದರ ಮೇಲೆ ಎರಡು ಬೆರಳು ಸೇರಿಸಿ. ಕೆಳಗಿನ ಅರ್ಧಕ್ಕೆ ಬೆಂಚು ಅಡ್ಡ ಇಡಿ, ಅದು ದಿಗಂತ. ದಂಡನ್ನು ನಿಧಾನವಾಗಿ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಿ. ಸಪ್ತರ್ಷಿಗಳು ಬಲಗಡೆಯಿಂದ ಎದ್ದು, ಮೇಲಿಂದ ಬಂದು, ಎಡಗಡೆ ಬೆಂಚಿನ ಹಿಂದೆ ಮುಳುಗುತ್ತಾರೆ. ಧ್ರುವ ಮಾತ್ರ ಕೂತಲ್ಲೇ.

ಮಳೆ ಹೊಯ್ಯುವಾಗ ಮಾಡಿದ್ದನ್ನು ಡಿಸೆಂಬರ್‌ನಲ್ಲಿ ಆಕಾಶದಲ್ಲೇ ತೋರಿಸಬಹುದು. ಒಂದು ಕೊಡೆ ಹಾಳಾಗುತ್ತದೆ, ಅಷ್ಟೇ.

ಕುಂದಾಪ್ರದೋನ್

ಹೋಯ್, ಅಜ್ಜನ ಕೊಡೆಗೆ ಬಣ್ಣ ಬಳ್ದ್ರೆ ಅಜ್ಜ ಬಿಡ್ತ್ರಾ?

ಕೊಡಿಯಾಲದ ಇಂಜಿನಿಯರ್

ಕೊಡೆ ಐಡಿಯಾ ಭಾರೀ ಉಂಟು. ಒಂದು ಎಚ್ಚರಿಕೆ. ಚುಕ್ಕಿ ಹಾಕುವಾಗ ಆಕಾಶ ನೋಡಿಯೇ ಹಾಕಿ, ಅಥವಾ ನಕ್ಷತ್ರದ ನಕ್ಷೆ ನೋಡಿ. ನಕ್ಷತ್ರ ಗೋಳದ ಹೊರಮೈ ನೋಡಿ ನಕಲು ಮಾಡಿದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಉಲ್ಟಾ ಆಗುತ್ತದೆ. ನಾನು ಹಾಗೆ ಮಾಡಿ ಒಂದಿಡೀ ಕೊಡೆ ವೇಸ್ಟ್ ಮಾಡಿದ್ದೇನೆ.

ಚುಕ್ಕಿ ಹುಚ್ಚ

ನಾನೂ! ಆ ಕೊಡೆ ಈಗ ಮಳೆಗೆ ಹಿಡಿಯುತ್ತೇನೆ.

ಹೈಸ್ಕೂಲ್ ಸೈನ್ಸ್

ಋತುಗಳಿಗೆ ಗೋಳ ಮತ್ತು ಬಲ್ಬು ಎಲ್ಲರೂ ಮಾಡುತ್ತಾರೆ, ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ನಾನೂ ವರ್ಷಗಟ್ಟಲೆ ಮಾಡಿದೆ. ಗೋಳ ಹಿಡಿದು ಬಲ್ಬಿನ ಸುತ್ತ ನಡೆಯುವಾಗ ಕೈ ತಿರುಗಿದ ಹಾಗೆ ಗೋಳದ ಕಂಬವೂ ತಿರುಗುತ್ತದೆ. ಯಾವಾಗಲೂ ಬಲ್ಬಿನ ಕಡೆಗೇ ಬಾಗಿರುತ್ತದೆ. ಹಾಗಾದರೆ ವರ್ಷ ಪೂರ್ತಿ ಒಂದೇ ಋತು!

ನಮ್ಮಲ್ಲಿ ಒಂದು ಸೂತ್ರ: "ಕಂಬ ಕುಂದಾಪುರಕ್ಕೆ." ಉಡುಪಿಯಿಂದ ಕುಂದಾಪುರ ಉತ್ತರಕ್ಕೆ. ಎಲ್ಲೇ ನಡೆಯಲಿ, ಗೋಳದ ತಲೆ 23.5 ಡಿಗ್ರಿ ಬಾಗಿ ಕುಂದಾಪುರದ ಕಡೆಗೇ ನೋಡಬೇಕು. ದಕ್ಷಿಣದ ಕಾಪು ಕಡೆ ಗೋಡೆಯ ಹತ್ತಿರ ನಿಂತರೆ ಉತ್ತರಾರ್ಧ ಬಲ್ಬಿಗೆ ಬಾಗುತ್ತದೆ, ಜೂನ್. ಕುಂದಾಪುರ ಕಡೆ ಗೋಡೆಗೆ ಬಂದರೆ ಬಲ್ಬಿಗೆ ಬೆನ್ನು, ಡಿಸೆಂಬರ್. ಪೂರ್ವ, ಪಶ್ಚಿಮ ಗೋಡೆಯಲ್ಲಿ ಹಗಲು ರಾತ್ರಿ ಸಮ.

ಮಕ್ಕಳು "ಸೂರ್ಯ ಹತ್ತಿರ ಬಂದಾಗ ಬೇಸಿಗೆ" ಅಂತ ಹಟ ಹಿಡಿದರೆ ಒಂದೇ ಮಾತು ಹೇಳಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಜುಲೈಯಲ್ಲಿ 15.2 ಕೋಟಿ. ಜನವರಿ ಬೆಳಿಗ್ಗೆ ಸ್ವೆಟರ್ ಯಾಕೆ ಹಾಕ್ತೀರಿ ಅಂತ ಕೇಳಿ.

ಬಂಗುಡೆ ಗಸಿ

ಉಡುಪಿಯಲ್ಲಿ ಸ್ವೆಟರಾ?

ಹೈಸ್ಕೂಲ್ ಸೈನ್ಸ್

ಹೆಬ್ರಿ ಕಡೆಯ ಮಕ್ಕಳು ಹಾಕ್ತಾರೆ ಮಾರಾಯ.

ಕಾರ್ಕಳ ಕಲ್ಲುಬಂಡೆ

ಇದರ ಮುಂದುವರಿದ ಭಾಗ ಅಂಗಳದಲ್ಲಿ ಮಾಡಿಸಿ. ಒಂದು ಮೀಟರ್ ಪಿವಿಸಿ ಪೈಪು ನೆಟ್ಟಗೆ ನಿಲ್ಲಿಸಿ ಮಧ್ಯಾಹ್ನದ ನೆರಳು ಅಳೆಯುವುದು. ಡಿಸೆಂಬರ್ 21ರ ಹೊತ್ತಿಗೆ ಉತ್ತರಕ್ಕೆ ಮುಕ್ಕಾಲು ಮೀಟರ್ ನೆರಳು. ಆಮೇಲೆ ದಿನ ಹೋದ ಹಾಗೆ ಕಿರಿದಾಗುತ್ತಾ ಬಂದು ಏಪ್ರಿಲ್ 24, 25ಕ್ಕೆ ಪೂರಾ ಮಾಯ. ಮಂಗಳೂರಿಗೆ 24, ಉಡುಪಿಗೆ ಒಂದು ದಿನ ಆಚೆ. ಹೊತ್ತು 12 ಅಲ್ಲ, ಸುಮಾರು 12:28. ಬೇಸಿಗೆ ರಜೆ ಇರ್ತದೆ, ಅದೊಂದು ತಲೆನೋವು. ಮನೆಯಲ್ಲೇ ಮಾಡಿ ಫೋಟೋ ಕಳಿಸಲಿಕ್ಕೆ ಹೇಳಿ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರುತ್ತದೆ, 17, 18ಕ್ಕೆ. ಆಗ ಮೋಡ. ಎರಡರ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ ಅಂದರೆ ದೊಡ್ಡವರೂ ನಂಬುವುದಿಲ್ಲ.

ಮಲ್ಪೆ ದಕ್ಕೆ

ನಾನು ಬೋಟಿನವನು, ಓದಿದ್ದು ಎಸ್ಸೆಸ್ಸೆಲ್ಸಿ. ಎರಡು ವಿಷಯ ಕೇಳ್ತೇನೆ, ನಗಬೇಡಿ.

ಒಂದು. ಪುಸ್ತಕದಲ್ಲಿ ಬಿದಿಗೆ ಚಂದ್ರ ಯಾವಾಗಲೂ ಆವರಣ ಚಿಹ್ನೆ ಥರ ನಿಂತಿರ್ತಾನೆ. ಸಂಜೆ ನಾವು ಕಡಲಿನ ಮೇಲೆ ನೋಡುವಾಗ ದೋಣಿ ಥರ ಮಲಗಿರ್ತಾನೆ. ಯಾವುದು ಸರಿ?

ಎರಡು. ಅಮಾವಾಸ್ಯೆಗೂ ನೀರು ಜೋರು ಏರ್ತದೆ, ಹುಣ್ಣಿಮೆಗೂ ಏರ್ತದೆ. ದಿನಕ್ಕೆ ಎರಡು ಸಲ ಏರ್ತದೆ. ಚಂದ್ರ ಎಳೆಯುವುದಾದರೆ ಒಂದೇ ಸಲ ಏರಬೇಕಲ್ಲ?

ಚುಕ್ಕಿ ಹುಚ್ಚ

ಅಣ್ಣ, ದೋಣಿಯೇ ಸರಿ. ನಮ್ಮ ಊರು ಸಮಭಾಜಕಕ್ಕೆ ಹತ್ತಿರ. ಸೂರ್ಯ ಸಂಜೆ ಹೆಚ್ಚುಕಡಿಮೆ ನೇರ ಕೆಳಗೆ ಮುಳುಗುತ್ತಾನೆ, ಚಂದ್ರ ಅವನ ಮೇಲುಗಡೆ ಇರುತ್ತಾನೆ, ಬೆಳಕು ಕೆಳಗಿನಿಂದ ಬೀಳುತ್ತದೆ. ಪುಸ್ತಕದ ಚಿತ್ರ ದೂರದ ಉತ್ತರ ದೇಶದವರು ಕಂಡದ್ದು. ಮಾಷ್ಟ್ರ ಬಲ್ಬಿನ ಆಟದಲ್ಲೂ ಇದೇ ಸುಳ್ಳು ಉಂಟು. ಮಗುವನ್ನು ಬೆಂಚಿನ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ ಚೆಂಡು ನೋಡಲಿಕ್ಕೆ ಹೇಳಿದರೆ ದೋಣಿ ಕಾಣುತ್ತದೆ.

ಹೈಸ್ಕೂಲ್ ಸೈನ್ಸ್

ಎರಡನೆಯದ್ದು ನನ್ನ ಇಷ್ಟದ ಪ್ರಶ್ನೆ. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಡುವೆ ಟೈಲರ್ ಅಂಗಡಿಯ ಇಲಾಸ್ಟಿಕ್ ಕಟ್ಟಿ. ನಡುವಿನವಳು ಭೂಮಿ, ಆಚೀಚೆ ಇರುವವರು ನೀರು. ಚಂದ್ರ ಒಂದು ಕಡೆ. ಹತ್ತಿರದ ನೀರಿಗೆ ಸೆಳೆತ ಜಾಸ್ತಿ, ಚಂದ್ರನ ಕಡೆಗೆ ಮೂರು ಹೆಜ್ಜೆ. ಭೂಮಿಗೆ ಸ್ವಲ್ಪ ಕಡಿಮೆ, ಎರಡು ಹೆಜ್ಜೆ. ಹಿಂದಿನ ನೀರಿಗೆ ಇನ್ನೂ ಕಡಿಮೆ, ಒಂದೇ ಹೆಜ್ಜೆ. ಈಗ ಇಲಾಸ್ಟಿಕ್ ನೋಡಿ, ಎರಡೂ ಕಡೆ ಹಿಗ್ಗಿದೆ. ಎಲ್ಲರೂ ಚಂದ್ರನ ಕಡೆಗೇ ಹೋದದ್ದು, ಆದರೂ ಹಿಂದಿನವನು ಭೂಮಿಯಿಂದ ದೂರವಾದ. ಹಾಗೆ ಎರಡು ಉಬ್ಬರ, 12 ಗಂಟೆ 25 ನಿಮಿಷಕ್ಕೊಮ್ಮೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯನೂ ಅದೇ ಸಾಲಿನಲ್ಲಿ ನಿಂತು ಎಳೆಯುತ್ತಾನೆ.

ಮಲ್ಪೆ ದಕ್ಕೆ

ಇಷ್ಟು ಸುಲಭಕ್ಕೆ ಯಾರೂ ಹೇಳಿರಲಿಲ್ಲ. ನಾಳೆ ಬೋಟಿನಲ್ಲಿ ಮೂರು ಜನರಿಗೆ ರಬ್ಬರ್ ಕಟ್ಟುತ್ತೇನೆ.

ಕುಂದಾಪ್ರದೋನ್

ಗ್ರಹಣದ ಒನಕೆ ಕಥೆ ಯಾರೂ ಎತ್ತಿಲ್ಲ ಮರಾಯ್ರೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣಕ್ಕೆ ನಮ್ಮ ಮನೆಯಲ್ಲಿ ತಾಟಿನ ನೀರಿನಲ್ಲಿ ಒನಕೆ ನಿಂತಿತ್ತು. ನಾನೇ ಕಣ್ಣಾರೆ ಕಂಡದ್ದು.

ನಿವೃತ್ತ ಮಾಷ್ಟ್ರು

ನಿಲ್ಲುತ್ತದೆ, ಸಂಶಯವೇ ಬೇಡ. ಬರುವ ಮಂಗಳವಾರವೂ ನಿಲ್ಲುತ್ತದೆ. ಗ್ರಹಣ ಆದ ಮೇಲೆ ನಮ್ಮ ಮಕ್ಕಳು "ಗ್ರಹಣ ಇಲ್ಲದ ದಿನ ನಿಲ್ಲಿಸಿ ನೋಡಿದ್ದೀರಾ" ಅಂತ ಮನೆಯವರನ್ನು ಕೇಳಿ ಬಂದರು. ಯಾರೂ ನೋಡಿರಲಿಲ್ಲ. ಶಾಲೆಗೆ ಒನಕೆ ತರಿಸಿದೆ. ಬುಡ ಚಪ್ಪಟೆ ಉಂಟು, ನಿಧಾನಕ್ಕೆ ಬಿಟ್ಟರೆ ನಿಂತಿತು. ತಾಟೂ ಬೇಡ, ನೀರೂ ಬೇಡ.

ಆ ದಿನ ನಾನು ಮಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಒಂಬತ್ತೂವರೆಗೆ ಸ್ವಲ್ಪ ಮುಂಚೆ ಮಾವಿನ ಮರದ ಕೆಳಗಿನ ಸಿಮೆಂಟ್ ಅಂಗಳದಲ್ಲಿ ಬರೀ ಬೆಳಕಿನ ಬಳೆಗಳು. ಎಲೆಗಳ ಸಂದಿಯೇ ಸೂಜಿರಂಧ್ರ. ಒಳಗಿಂದ ಅನ್ನ ಬಸಿಯುವ ತೂತಿನ ಪಾತ್ರೆ ತಂದು ಹಿಡಿದೆವು. ಪ್ರತಿ ತೂತಿಗೂ ಒಂದು ಬಳೆ. ಮಗಳ ಅತ್ತೆ ಗ್ರಹಣಕ್ಕೆ ಹೊರಗೆ ಬರುವವರಲ್ಲ. ಬಾಗಿಲಿನಿಂದ ಇಣುಕಿದವರು ಬಳೆ ನೋಡಿ ಅಂಗಳಕ್ಕೇ ಇಳಿದುಬಿಟ್ಟರು.

ಪಾಡ್ದನ ಪ್ರಿಯ

ನನ್ನದು ಸ್ವಲ್ಪ ಬೇರೆ ದಾರಿ. ತುಳುವರ ತಿಂಗಳು ಕಲಿಸಲಿಕ್ಕೂ ಇದೇ ಬಲ್ಬು ಸಾಕು. ಗೋಡೆಯ ಸುತ್ತ 12 ಕುರ್ಚಿ, ಒಂದೊಂದಕ್ಕೆ ರಾಶಿಯ ಹೆಸರಿನ ಚೀಟಿ. ಬಲ್ಬಿನ ಸುತ್ತ ನಡೆಯುವ ಮಗುವಿಗೆ ಬಲ್ಬಿನ ಹಿಂದೆ ಯಾವ ಕುರ್ಚಿ ಕಾಣುತ್ತದೋ ಸೂರ್ಯ ಆ ರಾಶಿಯಲ್ಲಿ. ಮೇಷದ ಕುರ್ಚಿ ಬಂದಾಗ ಬಿಸು, ಅಂದರೆ ತುಳುವರ ಹೊಸ ವರ್ಷ, ಪಗ್ಗು ತಿಂಗಳು ಶುರು. ಸಿಂಹ ಬಂದರೆ ಸೋಣ. ಉಡುಪಿಯಲ್ಲಿ ಕೃಷ್ಣಾಷ್ಟಮಿ ಕೆಲವು ವರ್ಷ ಬೇರೆ ಊರಿಗಿಂತ ಒಂದು ತಿಂಗಳು ಲೇಟು ಯಾಕೆ ಅಂತ ಮಕ್ಕಳು ಕೇಳುತ್ತಾರಲ್ಲ, ಆಗ ಸೌರಮಾನ ಅಂದರೆ ಈ ಕುರ್ಚಿ ಲೆಕ್ಕ, ಚಾಂದ್ರಮಾನ ಅಂದರೆ ಆ ಚೆಂಡಿನ ಲೆಕ್ಕ ಅಂತ ತೋರಿಸಬಹುದು.

ಕೊಡಿಯಾಲದ ಇಂಜಿನಿಯರ್

ಚಂದ ಉಂಟು. ಆದರೆ ಹಗಲು ರಾತ್ರಿ ಸಮ ಆಗುವುದು ಮಾರ್ಚ್ 20, 21ಕ್ಕೆ, ಬಿಸು ಬರುವುದು ಏಪ್ರಿಲ್ 14, 15ಕ್ಕೆ. ಆ ವ್ಯತ್ಯಾಸ ಕೇಳಿದರೆ?

ಪಾಡ್ದನ ಪ್ರಿಯ

ಬುಗುರಿ ಬಿಡಿ ಸರ್. ಸುತ್ತುತ್ತಾ ಸುತ್ತುತ್ತಾ ತಲೆ ಆಡಿಸುತ್ತದಲ್ಲ, ಭೂಮಿಯೂ ಹಾಗೆ ಸುಮಾರು 26,000 ವರ್ಷಕ್ಕೊಮ್ಮೆ ತಲೆ ಸುತ್ತಿಸುತ್ತದೆ. ಕುರ್ಚಿಗಳು ಅಲ್ಲೇ, ಋತುಗಳು ಸರಿಯುತ್ತಾ ಬಂದವು.

ಏಳನೇ ಕ್ಲಾಸ್ ಟೀಚರ್ (ಶನಿವಾರ ಮಧ್ಯಾಹ್ನ 2:15)

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಾಡಿದೆ. 500ರಲ್ಲಿ ಖರ್ಚಾದದ್ದು ಬಲ್ಬು, ಹೋಲ್ಡರ್, ಐದು ಮೀಟರ್ ವಯರ್. ಟಾರ್ಪಾಲು ಅಕ್ಷರದಾಸೋಹದ ಕಟ್ಟಿಗೆ ಮುಚ್ಚುವುದು. ಚೆಂಡಿಗೆ ಹೊಸ ಥರ್ಮಾಕೋಲ್ ತರಲಿಲ್ಲ, ಹಳೇ ಮಾಡೆಲಿನ ಗ್ರಹಗಳನ್ನೇ ಕಿತ್ತು ಬಿಳಿ ಬಳಿದೆವು. ಹೆಡ್‌ಮಾಸ್ಟರಿಗೆ ಇನ್ನೂ ಹೇಳಿಲ್ಲ.

ಮಾಷ್ಟ್ರು ಹೇಳಿದ ಹಾಗೆ ತಿರುಗಿಸಿದೆ. ಅಷ್ಟಮಿವರೆಗೆ ಬಂದಿದ್ದೆವು. ಕರೆಂಟ್ ಹೋಯ್ತು. ಕತ್ತಲೆ ಕೋಣೆ, 30 ಮಕ್ಕಳು, ಕೈಯಲ್ಲಿ ಚೂಪು ಕಡ್ಡಿ. ಗಲಾಟೆಗೆ ಹೆದರಿ ಎಲ್ಲರನ್ನೂ ಅಂಗಳಕ್ಕೆ ಕರೆದೆ.

ಗಂಟೆ ಒಂಬತ್ತು ಇರಬಹುದು. ಆ ತಂತಿ ಕೇಳಿದ ಹುಡುಗ ಪಡುವಣ ಕಡೆ ಕೈ ತೋರಿಸಿ "ಟೀಚರ್, ಚಂದ್ರ ಇನ್ನೂ ಹೋಗಲಿಲ್ಲ" ಅಂದ. ತೆಂಗಿನ ಮರದ ಮೇಲೆ ಅರ್ಧ ಚಂದ್ರ, ತೆಳು ಬಿಳಿ. ಅವನು ಚೆಂಡನ್ನು ಎತ್ತಿ ಚಂದ್ರನ ಪಕ್ಕಕ್ಕೇ ಹಿಡಿದ. ಬೆನ್ನ ಹಿಂದೆ ಬಿಸಿಲು. ಚೆಂಡಿನಲ್ಲೂ ಅರ್ಧ ಬೆಳಕು, ಅರ್ಧ ಮಬ್ಬು, ಆ ಗೆರೆಯ ಓರೆ ಕೂಡ ಮೇಲಿನದ್ದರ ಹಾಗೆಯೇ. ಅವನು ಒಂದು ಸಲ ಚೆಂಡು ನೋಡಿದ, ಒಂದು ಸಲ ಚಂದ್ರ ನೋಡಿದ, ಆಮೇಲೆ ಹಿಂದೆ ತಿರುಗಿ ಸೂರ್ಯ ಎಲ್ಲಿ ಅಂತ ನೋಡಿದ. ನಾನು ಏನೂ ಹೇಳಲಿಲ್ಲ ಮಾಷ್ಟ್ರೆ, ಬಾಯಿ ಮುಚ್ಚಿಕೊಂಡೇ ಇದ್ದೆ. ಎರಡು ನಿಮಿಷಕ್ಕೆ 30 ಚೆಂಡು ಮೇಲೆ ಇದ್ದವು.

ಅಷ್ಟರಲ್ಲಿ ಕರೆಂಟ್ ಬಂತು. ಯಾರೂ ಒಳಗೆ ಹೋಗಲಿಲ್ಲ.

ನಿವೃತ್ತ ಮಾಷ್ಟ್ರು

ಇವತ್ತು ಕೃಷ್ಣಪಕ್ಷದ ಅಷ್ಟಮಿ, ನನಗೆ ನೆನಪೇ ಆಗಲಿಲ್ಲ ನೋಡಿ. ಮುಂದಿನ ಶುಕ್ಲ ಅಷ್ಟಮಿಗೆ ಮಧ್ಯಾಹ್ನ ಮೂರು ಗಂಟೆಗೆ ಮೂಡಣ ಕಡೆ ಕಾಣುತ್ತಾನೆ. ಈ ಸಲ ಬೆಳಕು ಯಾವ ಕಡೆಗೆ ಇರ್ತದೆ ಅಂತ ಹಿಂದಿನ ದಿನವೇ ಚಿತ್ರ ಬರೆಸಿ ಇಡಿ.

ಪುತ್ತೂರು ತೋಟ

ಅಡಿಕೆ, ಟೆನಿಸ್ ಬಾಲ್ ಮಾಡಲಿಲ್ವಾ ಟೀಚರ್?

ಏಳನೇ ಕ್ಲಾಸ್ ಟೀಚರ್

ಚಿತ್ರ ಖಂಡಿತ ಬರೆಸುತ್ತೇನೆ ಮಾಷ್ಟ್ರೆ. ಅಡಿಕೆ ಮೇಜಿನ ಮೇಲೆ ಇಟ್ಟಿದ್ದೆ. ವಾಪಸು ಬಂದು ನೋಡಿದರೆ ಅಡುಗೆಯ ಅಕ್ಕನ ಬಾಯಿ ಕೆಂಪಾಗಿತ್ತು.

ಕಾರ್ಕಳ ಕಲ್ಲುಬಂಡೆ

ನಮ್ಮ ಕೋಳಿಗೆ ಜೊತೆ ಸಿಕ್ಕಿತು.